ಅಗಿಯದ ಹಲ್ಲುಗಳು

ಹುಟ್ಟಿನಿಂದ ಬಂದ ಹಲ್ಲುಗಳು ಹತ್ತು ವರ್ಷಕ್ಕೇ ಉದುರಿಹೋಗುವ ಕಾಲವದು. ಆಮೇಲಿನ ಹಲ್ಲುಗಳನ್ನು ವಿಮಾ ಕಂಪನಿ ಕೊಡುತ್ತಿತ್ತು. ಮನೆಮಂದಿಯೆಲ್ಲ ಸೇರಿ ವರ್ಷಕ್ಕೆ ಇಷ್ಟು ಸಲ ಮಾತ್ರ ಅಗಿಯಬಹುದು ಎಂಬ ಮಿತಿಯೂ ಇತ್ತು. ಮಂಡ್ಯದ ಚಿಕ್ಕತಾಯಮ್ಮ ಆ ವರ್ಷವಿಡೀ ಮೂರು ಹೊತ್ತೂ ರಾಗಿಮುದ್ದೆಯನ್ನೇ ನುಂಗಿದಳು. ಮುದ್ದೆಯನ್ನು ಯಾರೂ ಅಗಿಯುವುದಿಲ್ಲವಲ್ಲ. ತನ್ನ ಪಾಲನ್ನೆಲ್ಲ ಮಗಳ ಮದುವೆಯ ಬೀಗರೂಟಕ್ಕೆಂದು ಉಳಿಸಿದ್ದಳು. ಅವತ್ತು ಬೀಗರ ಪಕ್ಕ ಕೂತು ಮೂಳೆ ಕಡಿಯಬೇಕೆಂಬ ಆಸೆ.

ಬೀಗರೂಟದ ದಿನ ಮಸಾಲೆ ಕುದಿಯುತ್ತಿರುವಾಗ ಕಂಪನಿಯವನು ಇಕ್ಕಳ ಹಿಡಿದು ಬಂದ.

"ವರ್ಷದಿಂದ ನೀವು ಒಂದ್ಸಲಾನೂ ಅಗ್ದಿಲ್ಲ ಕಣಮ್ಮ. ಬಳಸ್ದೇ ಇರೋ ಹಲ್ಲು ವಾಪಸ್ ತಗೋಬೇಕು ಅಂತ ರೂಲ್ಸು."

"ಇವತ್ತಿಗೆ ಅಂತ್ಲೇ ಉಳಿಸ್ಕಂಡಿದ್ದು ಕಣಪ್ಪ! ಇದೊಂದಿನ ಬುಟ್ಬುಡು."

"ಆಗಲ್ಲ. ಬಾಯಿ ತೆಗೀರಿ."

ಕಿತ್ತು ಮುಗಿಸಿ ಅವನು ಡಬ್ಬಿ ಮುಚ್ಚಿದ. "ಕಂತು ಮಾತ್ರ ತಪ್ಪಿಸ್ಬೇಡಿ. ತಪ್ಪುದ್ರೆ ಮಗಳ ಹಲ್ಲೂ ಹೋಗ್ತವೆ."

ಮಧ್ಯಾಹ್ನ ಪಂಕ್ತಿಯಲ್ಲಿ ಬೀಗಿತ್ತಿ ಅವಳನ್ನು ಪಕ್ಕಕ್ಕೆಳೆದು ಕೂರಿಸಿಕೊಂಡು, ಎಲೆಗೆ ತಾನೇ ದಪ್ಪ ಮೂಳೆಯೊಂದನ್ನು ಹಾಕಿದಳು.

"ತಿನ್ನಿ ಬೀಗ್ರೇ, ನಾಚ್ಕೋಬ್ಯಾಡಿ."

ಚಿಕ್ಕತಾಯಮ್ಮ ಬಾಯಿಗೆ ಸೆರಗು ಅಡ್ಡ ಹಿಡಿದು, ಬಡಿಸುವವನನ್ನು ಕರೆದು ಇನ್ನೊಂದು ಮುದ್ದೆ ಹಾಕಿಸಿಕೊಂಡಳು.