ಬೆರಳಿಟ್ಟ ಹಾಲು

ಕಲಾಡಿ ಆ ದಿನವೂ ಒಡೆಯಿತು. ಪಾತ್ರೆಯಿಂದ ಎತ್ತಿ ಎಳೆದರೆ ನಾದಿದ ಹಿಟ್ಟಿನಂತೆ ಜಗ್ಗಬೇಕಾದ ಹಾಲಿನ ಗಟ್ಟಿ, ಶರೀಫಾಳ ಕೈಯಲ್ಲಿ ಮರಳಿನ ಹಾಗೆ ಪುಡಿಪುಡಿಯಾಗಿ ಉದುರಿತು. ಎಮ್ಮೆ ಹಳೆಯದೇ, ಒಲೆ ಹಳೆಯದೇ, ಹಾಲು ಒಡೆಸಲು ಹಾಕುವ ಹುಳಿನೀರೂ ಎಂದಿನದೇ. ಈ ಬೇಸಿಗೆ ಬೆಟ್ಟದ ಹುಲ್ಲುಗಾವಲಿಗೆ ಹತ್ತಿ ಬಂದ ಮೇಲೆ ಹೊಸದಾಗಿರುವುದು ಹಾಲು ತಿರುವುವ ಸೊಸೆಯ ಕೈ ಒಂದೇ ಎಂದು ಬಿಡಾರದ ಹೆಂಗಸರು ಆಡಿಕೊಳ್ಳುತ್ತಿದ್ದರು.

"ನಿಮ್ಮಮ್ಮ ನಿಂಗೆ ಹಾಲು ಕಾಯಿಸೋದು ಕಲಿಸಿದ್ಲೋ, ಸುಣ್ಣ ಸುಡೋದು ಕಲಿಸಿದ್ಲೋ?" ಎಂದಳು ಅತ್ತೆ ಹಾಕಮ್ ಬೀ.

"ನಾನು ಬರೀ ತಿರುವೋಳು ಅಮ್ಮಾ. ನೀವು ಇಳಿಸು ಅಂದಾಗ ಇಳಿಸ್ತೀನಿ."

"ಬಾಯಿಗೇನೂ ಬರವಿಲ್ಲ. ಸಂಜೆ ಹಾಲೂ ಹಿಂಗೇ ಆಗ್ಲಿ, ಬೆಳಿಗ್ಗೆ ನಿನ್ನ ಗಂಟು ಹೇಸರಗತ್ತೆ ಮೇಲೆ. ನಿನ್ನ ಗಂಡನೇ ಹೇಳಿದ್ದಾನಲ್ಲ."

ಲಾಲ್ ದೀನ್ ಹೇಳಿದ್ದು ನಿಜ. ಕಲಾಡಿ ಕೊಳ್ಳುವ ವ್ಯಾಪಾರಿ ಬುಟ್ಟಿಯನ್ನು ಹಾಗೇ ತಿರುಗಿಸಿ ಕಳಿಸಿದ ದಿನ, ಎಲ್ಲರೆದುರೇ ಹೇಳಿದ್ದ. ಹಾಲು ಕೆಡಿಸುವವಳೆಂದು ಹೆಸರು ಹೊತ್ತು ತವರಿಗೆ ಹೋದವಳನ್ನು ಎಮ್ಮೆ ಮೇಯಿಸುವ ಗುಜ್ಜರರಲ್ಲಿ ಮತ್ತೊಬ್ಬರು ತಮ್ಮ ಒಲೆಯ ಹತ್ತಿರ ಬಿಟ್ಟುಕೊಳ್ಳುವುದಿಲ್ಲ. ಅಲ್ಲಿಗೆ ಅವಳ ಬಾಳು ಮುಗಿದ ಹಾಗೆಯೇ.

ಸಂಜೆ ಹಾಲು ಒಲೆಗೇರಿತು. ಹುಳಿನೀರು ಬಿತ್ತು. ಇನ್ನು ಮುಂದಿನದು ಮನೆಯ ಹಿರಿಯಳ ಕಿರುಬೆರಳಿಗೆ ಸೇರಿದ್ದು. ಅದನ್ನು ಹಾಲಿನಲ್ಲಿಟ್ಟು ಬಿಸ್ಮಿಲ್ಲಾ ಹೇಳಬೇಕು. ಮೂರು ಸಲ ಹೇಳುವ ತನಕ ಬೆರಳು ತಾಳಬೇಕು, ನಾಲ್ಕನೆಯದಕ್ಕೆ ತಾಳಬಾರದು. ಆ ಬಿಸಿಗೆ ಇಳಿಸಿದರೆ ಗಟ್ಟಿ ಜಗ್ಗುತ್ತದೆ. ಕಡಿಮೆಯಾದರೆ ಗಂಜಿ, ಹೆಚ್ಚಾದರೆ ಮರಳು. ಬೆರಳು ಅತ್ತೆಯದು, ಅಪವಾದ ಸೊಸೆಗೆ. ಅತ್ತೆ ಒಡೆದ ಪಾತ್ರೆಗೆ ಬೆಲೆಯಿಲ್ಲ ಎನ್ನುವುದು ಬೆಟ್ಟದ ಮೇಲೂ ಸುಳ್ಳಲ್ಲ.

ಹಾಕಮ್ ಬೀ ಬೆರಳಿಟ್ಟಳು. ಶರೀಫಾ ಹಾಲು ತಿರುವುತ್ತಾ ಅತ್ತೆಯ ತುಟಿಯನ್ನೇ ನೋಡುತ್ತಿದ್ದಳು. ಮೂರಾಯಿತು. ನಾಲ್ಕಾಯಿತು. ತುಟಿ ಅಲುಗುತ್ತಲೇ ಇತ್ತು. ಹಬೆಗೆ ಶರೀಫಾ ತನ್ನ ಕೈಯನ್ನೇ ಹಿಂದಕ್ಕೆ ಎಳೆದುಕೊಂಡಳು.

"ಅಮ್ಮಾ, ಬೆರಳು ತೆಗೀರಿ."

"ಇನ್ನೂ ಉಗುರುಬೆಚ್ಚಗೂ ಆಗಿಲ್ಲ. ನಂಗೇ ಹೇಳಿಕೊಡ್ತೀಯಾ?"

ಶರೀಫಾ ಆ ಕೈಯನ್ನು ಹಿಡಿದು ಹೊರಗೆಳೆದಳು. ಕಿರುಬೆರಳು ಕೆಂಪಗೆ ಬೆಂದು, ತುದಿಯ ಚರ್ಮ ಬೊಬ್ಬೆಯೆದ್ದಿತ್ತು. ಹಾಕಮ್ ಬೀ ಬೆರಳನ್ನು ನೋಡಿದಳು, ಸೊಸೆಯ ಮುಖವನ್ನು ನೋಡಿದಳು. ಶರೀಫಾ ಪಾತ್ರೆ ಇಳಿಸಿದಳು. ಅಷ್ಟರಲ್ಲಿ ಹಾಲು ಮರಳಾಗಿಹೋಗಿತ್ತು.

"ಯಾವಾಗಿಂದ ಹಿಂಗೆ?"

ಮುದುಕಿ ಅಂಗಿಯ ತೋಳು ಸರಿಸಿ ಅದೇ ಕೈಯ ಮೊಣಕೈ ಹತ್ತಿರದ ಬಿಳಿಚಿದ ಮಚ್ಚೆಯನ್ನು ತೋರಿಸಿದಳು. "ಹಿಮ ಬೀಳೋಕ್ ಮುಂಚಿಂದ. ಈ ಕೈಗೆ ಬಿಸಿ, ನೋವು ಒಂದೂ ತಿಳಿಯಲ್ಲ. ನೋಡಿದ್ಯಲ್ಲ, ಇನ್ನು ಕೂಗಿ ಎಲ್ಲರನ್ನೂ ಕರಿ."

ನೇಕ್ ಬೀಯ ಕಥೆ ಆ ಮನೆಯಲ್ಲಿ ಯಾರಿಗೆ ಗೊತ್ತಿಲ್ಲ? ಮಾವನ ಅಕ್ಕ. ಅವಳಿಗೆ ಕುಷ್ಠವೆಂದು ತಿಳಿದ ವರ್ಷ, ಎಮ್ಮೆಗಳನ್ನು ಹೊಡೆದುಕೊಂಡು ಕೆಳಗಿಳಿಯುವಾಗ ಅವಳನ್ನು ಕಣಿವೆಯ ಕಲ್ಲುಗುಡಿಸಲಿನಲ್ಲಿ ಹಿಟ್ಟು, ಉಪ್ಪು ಇಟ್ಟು ಬಿಟ್ಟು ಬಂದರು. ಮರುಬೇಸಿಗೆ ಮೇಲೆ ಹತ್ತಿದಾಗ ಯಾರೂ ಆ ಕಡೆ ತಿರುಗಿ ನೋಡಲಿಲ್ಲ.

"ಈಗ ಅದಕ್ಕೆ ಗುಳಿಗೆ ಬಂದಿದೆ ಅಮ್ಮಾ. ಕೆಳಗೆ ಉಧಂಪುರದ ಆಸ್ಪತ್ರೇಲಿ ಪುಕ್ಕಟೆ ಕೊಡ್ತಾರೆ. ವಾಸಿಯಾಗತ್ತೆ."

"ಗುಳಿಗೆ ಕೆಲಸ ಮಾಡೋಕೆ ತಿಂಗಳುಗಟ್ಟಲೆ ಬೇಕು. ಮಾತಿಗೆ ಒಂದು ಗಳಿಗೆ ಸಾಕು ಮಗಳೇ."

ಮಗಳೇ ಎಂದು ಕರೆದದ್ದು ಮದುವೆಯಾಗಿ ಬಂದ ಮೇಲೆ ಇದೇ ಮೊದಲು. ಶರೀಫಾ ಬೆಂದ ಬೆರಳಿಗೆ ಬೆಣ್ಣೆ ಸವರಿದಳು. "ನಾಳೆಯಿಂದ ಬೆರಳು ನಾನಿಡ್ತೀನಿ. ಬಿಸ್ಮಿಲ್ಲಾ ನೀವು ಹೇಳಿ. ನಮ್ಮಿಬ್ಬರಿಗಲ್ದೆ ಇನ್ಯಾರಿಗೆ ಗೊತ್ತಾಗತ್ತೆ?"

ಹೊರಗೆ ಎಮ್ಮೆ ಕಟ್ಟಿದ ಸದ್ದಾಯಿತು. ಹಾಕಮ್ ಬೀ ಸೊಸೆಗೆ ಒತ್ತಿ ಕೂತು, ಕಂಬಳಿಯನ್ನು ಇಬ್ಬರ ಮಡಿಲ ಮೇಲೂ ಎಳೆದುಕೊಂಡು, ಸುಟ್ಟ ಕೈಯನ್ನು ಅದರೊಳಗೆ ಅಡಗಿಸಿದಳು.

ಲಾಲ್ ದೀನ್ ಒಳಗೆ ಬಂದು ಪಾತ್ರೆಗೆ ಇಣುಕಿದ. ಒಂದು ಹಿಡಿ ಎತ್ತಿ ಉದುರಿಸಿದ.

"ಮತ್ತೆ ಒಡೀತು. ಅಮ್ಮಾ, ಇವಳ ಎದುರಿಗೇ ಕೇಳ್ತೀನಿ. ತಪ್ಪು ಯಾರದ್ದು?"

ಶರೀಫಾ ಕಾದಳು. ಕಂಬಳಿ ಸರಿಸಿದ್ದರೆ ಸಾಕಿತ್ತು, ಬಾಯಿ ಬಿಡಬೇಕಾಗಿಯೂ ಇರಲಿಲ್ಲ.

"ಇವಳ ಕೈಗುಣ ಸರಿಯಿಲ್ಲಪ್ಪಾ," ಎಂದಳು ಹಾಕಮ್ ಬೀ. "ಬೆಳಿಗ್ಗೆ ತವರಿಗೆ ಬಿಟ್ಟು ಬಾ."

ಕಂಬಳಿಯ ಒಳಗೆ ಆ ಸುಟ್ಟ ಕೈ ಶರೀಫಾಳ ಮಣಿಕಟ್ಟನ್ನು ಹಿಡಿದುಕೊಂಡಿತ್ತು. ಸುಮ್ಮನಿರು ಎಂದು ಬೇಡುತ್ತಿತ್ತೋ, ಕ್ಷಮಿಸು ಎನ್ನುತ್ತಿತ್ತೋ, ಬಿಗಿಯಾಗುತ್ತಲೇ ಹೋಯಿತು. ಗಾಜಿನ ಬಳೆ ಚೂರಾಗಿ ಇಬ್ಬರ ಮಾಂಸಕ್ಕೂ ಇಳಿಯಿತು. ತುಟಿ ಕಚ್ಚಿಕೊಂಡವಳು ಶರೀಫಾ ಒಬ್ಬಳೇ.