ಎಡಕ್ಕಿದ್ದ ಬೆಟ್ಟ

ಜನ ಬಿಟ್ಟುಹೋದ ಹಳ್ಳಿಯೊಂದರ ಮುರುಕು ಜಗಲಿಯ ಮೇಲೆ ಕುಸಿದು ಕೂತ ಸೌಜನ್ಯ ಬೆಟ್ಟದತ್ತ ನೋಡಿ ಬೆಚ್ಚಿದಳು. "ರೀ, ದೇವ್ರಬೆಟ್ಟ ನಮ್ಮ ಎಡಕ್ಕೈತೆ ಕಣ್ರೀ! ಬೆಳಿಗ್ಗೆಯಿಂದ ಅಪ್ರದಕ್ಷಿಣೆ ಬಂದಿದೀವಿ, ಸಾವಿನ್ ಮನೇಲಿ ಸುತ್ತಂಗೆ!"

ಫೋನು ತೋರಿಸಿದ ಟ್ರೆಕ್ಕಿಂಗ್ ದಾರಿಯಲ್ಲಿ ಕರೆತಂದವನು ಗಂಡ ರಜನೀಶ್. ಬೆಟ್ಟ ಸುತ್ತುವ ಹರಕೆ ಅವಳದು, ಅವನಿಗೆ ದೇವರಲ್ಲಿ ನಂಬಿಕೆಯಿರಲಿಲ್ಲ. ಬೂಟು ಕಳಚಿ, ಒಡೆದ ಬೊಬ್ಬೆಯನ್ನು ನೋಡುತ್ತಾ ಹೇಳಿದ: "ಅರ್ಧ ಸುತ್ತಾಯ್ತಲ್ಲ. ಮುಂದಕ್ಕೋದ್ರೂ ಹಿಂದಕ್ಕೋದ್ರೂ ಅಷ್ಟೇ ದೂರ."

"ನಾಳೆ ಮಗಳ ಆಪರೇಷನ್ನು," ಎಂದಳು ಸೌಜನ್ಯ. ಅಳುವುದಕ್ಕೂ ಅವಳಲ್ಲಿ ತ್ರಾಣವಿರಲಿಲ್ಲ.

ರಜನೀಶ್ ಮತ್ತೆ ಬೂಟು ಹಾಕಿಕೊಂಡು ಲೇಸು ಬಿಗಿದ. ಎದ್ದು, ಬಂದ ದಾರಿಯತ್ತಲೇ ತಿರುಗಿ ನಿಂತ. "ಬಾ, ನನ್ ಟೋಪಿ ದಾರೀಲೆಲ್ಲೋ ಬಿದ್ದೋಯ್ತು. ಹುಡುಕ್ಕೊಂಡು ಹಿಂದಕ್ಕೇ ಹೋಗಣ."

ಟೋಪಿ ಅವನ ತಲೆಯ ಮೇಲೇ ಇತ್ತು.