ಬದನೆಕಾಯಿ ಬಣ್ಣದ ಮನೆ

ಬಾಬುಲಾಲ ಲೂನಾ ನಿಲ್ಲಿಸುವಷ್ಟರಲ್ಲಿ ಮನೆಯ ಮುಂಗೋಡೆ ಅರ್ಧಕ್ಕರ್ಧ ಬದನೆಕಾಯಿ ಬಣ್ಣಕ್ಕೆ ತಿರುಗಿತ್ತು. ಏಣಿಯ ಮೇಲಿದ್ದ ಪೇಂಟರ್ ಅವನನ್ನು ಕಂಡು ಕೈ ತಡೆದ.

‘ನೀ ಹಚ್ಚಪಾ,’ ಎಂದಳು ಕೆಳಗೆ ನಿಂತಿದ್ದ ಸುನಂದಾ.

‘ಅಕ್ಕಾರ, ಏನ್ ಮಾಡಾಕತ್ತೀರಿ? ಐತವಾರ ಗಿರಾಕಿ ಬರ್ತಾರಂತ ಹೇಳಿದ್ನಲ್ಲರಿ. ಕ್ರೀಮ್ ಕಲರ್ ಹಚ್ಚಸ್ರಿ ಅಂದಿದ್ದೆ.’

‘ಅಂದಿದ್ರಿ. ನನಗ ಇದು ಪಸಂದ ಬಂತು.’

ಮುದ್ದೇಬಿಹಾಳದಲ್ಲಿ ಹದಿನೈದು ವರ್ಷದಿಂದ ಮನೆ, ಪ್ಲಾಟು ಕೊಡಿಸುತ್ತ ಬಂದಿದ್ದ ಬಾಬುಲಾಲ ಇಂಥ ವ್ಯವಹಾರ ಕಂಡಿರಲಿಲ್ಲ. ಮನೆ ಸುನಂದಾಳ ಭಾವ ಶ್ರೀಶೈಲನ ಹೆಸರಿನಲ್ಲಿತ್ತು. ಅವನಿಗೆ ವಿಜಾಪುರದಲ್ಲಿ ಬಟ್ಟೆ ಅಂಗಡಿ. ಕಟ್ಟುವಾಗ ಸಂಬಳವನ್ನೆಲ್ಲ ಸುರಿದವನು ಅವನ ತಮ್ಮ, ಸುನಂದಾಳ ಗಂಡ ಅರುಣಕುಮಾರ. ಕಾಗದದಲ್ಲಿ ಮಾತ್ರ ಅಣ್ಣನ ಹೆಸರು. ತಮ್ಮ ತೀರಿಕೊಂಡು ವರ್ಷ ತುಂಬುವುದರೊಳಗೆ ಅಣ್ಣ ಮನೆ ಮಾರುತ್ತೇನೆಂದ. ಹಿರಿಯರು ಕೂತು ಕಾಗದ ಮಾಡಿಸಿದರು: ಮಾರಾಟವಾಗುವ ತನಕ ಸುನಂದಾ ಅಲ್ಲೇ ಇರಬಹುದು, ಸುಣ್ಣಬಣ್ಣ, ದುರಸ್ತಿ ಅವಳ ಖರ್ಚು, ಅವಳ ಇಷ್ಟ, ಮಾರಿದ ದಿನ ಅವಳು ಮನೆ ಬಿಡಬೇಕು. ಅವಳೂ ಸಹಿ ಹಾಕಿದ್ದಳು.

ಅವಳ ಹಟ ಬಾಬುಲಾಲನಿಗೆ ಅರ್ಥವಾಗದ್ದೇನಲ್ಲ. ಗಿರಾಕಿಯನ್ನು ಓಡಿಸಿದಷ್ಟು ದಿನ ತಲೆಯ ಮೇಲೆ ಸೂರು. ಆದರೆ ಹೀಗೆ ಎಷ್ಟು ದಿನ?

ಐತವಾರ ಇಂಡಿಯಿಂದ ಬಂದ ಮಾಸ್ತರ ದಂಪತಿ ಗೇಟಿನಲ್ಲೇ ನಿಂತರು. ‘ಈ ಬಣ್ಣದ ಮನ್ಯಾಗ ಹೆಂಗ ಇರೂದ್ರಿ?’ ಎಂದಳು ಮಾಸ್ತರ ಹೆಂಡತಿ. ಒಳಗೂ ಬರಲಿಲ್ಲ.

ಸುನಂದಾ ಬಾಬುಲಾಲನಿಗೆ ಚಹಾ ತಂದುಕೊಟ್ಟಳು. ‘ಒಂದು ಬಣ್ಣಕ್ಕ ಎಷ್ಟು ಇಳೀತೈತ್ರಿ ಅಣ್ಣಾರ, ರೇಟು?’

‘ಬಣ್ಣದ್ದೇನೂ ಭಾಳ ಇಲ್ಲ ಬಿಡ್ರಿ, ಮತ್ತ ಬಳೀಬಹುದು. ಮಲಗೂ ಖೋಲಿ ಕೆಟ್ಟಿತಂದ್ರ ಮನಿನ ಕೆಟ್ಟಂಗ. ನಿಮ್ಮ ಪುಣ್ಯ, ಇದು ನೈರುತ್ಯದಾಗ ಐತಿ. ಅದಕ್ಕ ನಾಲ್ಕು ಲಕ್ಷ ಹೇಳಾಕತ್ತೇನಿ. ಆ ಮೂಲ್ಯಾಗ ಒಲಿ ಉರದ್ರ ಈಗಿನ ಮಂದಿ ಹೊಸ್ತಿಲಾ ದಾಟೂದಿಲ್ಲ.’

ವಾಸ್ತು ಅವನು ಯಾವ ಪುಸ್ತಕದಲ್ಲೂ ಓದಿದ್ದಲ್ಲ. ಗಿರಾಕಿಗಳ ಬಾಯಿಂದಲೇ ಕಲಿತದ್ದು. ಆದರೂ ಇಷ್ಟು ಗಮನವಿಟ್ಟು ಕೇಳುವವರು ಸಿಕ್ಕರೆ ಅವನಿಗೆ ಹೇಳುವ ಉಮೇದು ಬರುತ್ತಿತ್ತು. ಬಚ್ಚಲು ಎಲ್ಲಿದ್ದರೆ ಎಷ್ಟು ಕಡಿಮೆ, ಬಾಗಿಲಿಗೆ ಎದುರಾಗಿ ಹಾಸಿಗೆ ಹಾಕಿದರೆ ಎಷ್ಟು ಕಡಿಮೆ, ಎಲ್ಲ ಹೇಳಿದ. ಅವಳು ಇನ್ನರ್ಧ ಕಪ್ಪು ಬಗ್ಗಿಸಿದಳು.

ತಿಂಗಳು ಬಿಟ್ಟು ಬಸವನಬಾಗೇವಾಡಿಯ ಗಿರಾಕಿಯೊಂದಿಗೆ ಬಂದವನು ಹೊಸ್ತಿಲಲ್ಲೇ ನಿಂತುಬಿಟ್ಟ. ನೈರುತ್ಯದ ಮಲಗುವ ಖೋಲಿಯಲ್ಲಿ ಮೂರು ಒಲೆ ಉರಿಯುತ್ತಿದ್ದವು. ಆರು ಹೆಣ್ಣುಮಕ್ಕಳು ಸಾಲಾಗಿ ಕೂತು ರೊಟ್ಟಿ ಬಡಿಯುತ್ತಿದ್ದರು. ಮೂಲೆಯಲ್ಲಿ ಸಿಂದಗಿಯಿಂದ ಬಂದ ಜೋಳದ ಚೀಲಗಳು ಒಟ್ಟಿದ್ದವು. ಹೊಗೆಗೆ ಗೋಡೆಯ ಹೊಸ ಗಿಲಾಯವೆಲ್ಲ ಕಪ್ಪಾಗಿತ್ತು. ಸುನಂದಾಳ ಮಂಚ ಪಡಸಾಲೆಗೆ ಬಂದು ತಲೆಬಾಗಿಲಿಗೆ ಎದುರಾಗಿ ಕೂತಿತ್ತು. ಗಿರಾಕಿ ಮೆಟ್ಟಿದ ಚಪ್ಪಲಿ ಬಿಡದೆಯೇ ತಿರುಗಿದ.

‘ಹಾಸ್ಟೆಲ್ಲಿನ ರೊಟ್ಟಿ ಆರ್ಡರ್ ಹೆಚ್ಚಾಗ್ಯಾವ್ರಿ. ಅಡಗಿಮನಿ ಸಾಲಲಿಲ್ಲ,’ ಎಂದಳು ಸುನಂದಾ.

‘ನಿಮ್ಮ ಭಾವಾರು ಸಿಟ್ಟಿಗೇಳ್ತಾರ್ರಿ ಅಕ್ಕಾರ.’

‘ಏಳಲಿ. ಈ ಗ್ವಾಡಿ ಹಸಿ ಇದ್ದಾಗ ಮುಂಜಾನಿ ಸಂಜಿ ನೀರು ಹೊಡದಾಕಿ ನಾನು. ಅವರು ಒಂದು ತಂಬಿಗಿ ಹಾಕಿಲ್ಲ.’

ಶ್ರೀಶೈಲ ಮರುವಾರವೇ ಬಂದ. ಅಂಗಳದಲ್ಲಿ ನಿಂತು, ತಮ್ಮನ ಹೆಂಡತಿಯ ಕಡೆ ನೋಡದೆ, ‘ಬಾಬುಲಾಲ, ಒಲಿ ಕಿತ್ತ ಒಗೀ ಅಂತ ಹೇಳು ಆಕಿಗೆ,’ ಎಂದ.

‘ಬಾಬುಲಾಲಣ್ಣಾರ, ಹಿರ್ಯಾರ ಕಾಗದಾ ಓದಕೋರಿ ಅಂತ ಹೇಳ್ರಿ ಅವರಿಗೆ,’ ಎಂದಳು ಸುನಂದಾ, ಒಲೆಯ ಮುಂದಿನಿಂದ ಏಳದೆ.

ಮಳೆಗಾಲ ಹೋಯಿತು, ಚಳಿಗಾಲ ಬಂತು. ಮನೆಯ ರೇಟು ನಾಲ್ಕು ಲಕ್ಷ ಇದ್ದದ್ದು ಮೂರಾಯಿತು, ಮೂರಕ್ಕೂ ಯಾರೂ ಕೇಳದಂತಾಯಿತು. ಒಂದು ದಿನ ಶ್ರೀಶೈಲ ಫೋನಿನಲ್ಲಿ ಹಲ್ಲು ಕಡಿದ: ‘ಎರಡಕ್ಕ ಹೋದರೂ ಹೋಗಲಿ. ಈಕಿ ಒಟ್ಟ ಹೊರಗ ಬೀಳಬೇಕು.’

ಆ ವಾರದಲ್ಲೇ ಸಿಂದಗಿಯ ಜೋಳದ ವ್ಯಾಪಾರಿ ಅಮಸಿದ್ದ ಬಾಬುಲಾಲನನ್ನು ಹುಡುಕಿಕೊಂಡು ಬಂದ. ಎರಡು ಲಕ್ಷಕ್ಕೆ ಒಪ್ಪಿದ.

‘ಒಳಗ ಬಂದು ನೋಡ್ರಿ,’ ಎಂದ ಬಾಬುಲಾಲ, ಎದೆ ಗಟ್ಟಿಮಾಡಿಕೊಂಡು.

‘ನೋಡೂದೇನೈತ್ರಿ. ಮುಂಗಡ ಕೊಡ್ತೇನಿ, ಇಸಾರ ಪತ್ರ ಬರಸ್ರಿ. ನನ್ನ ಹೆಸರಿಗೆ, ಇಲ್ಲಂದ್ರ ನಾ ಹೇಳಿದವರ ಹೆಸರಿಗೆ ಖರೀದಿ ಮಾಡಿಕೊಡಬೇಕಂತ ಬರಸ್ರಿ.’

ಹೆಂಡತಿಯ ಹೆಸರಿಗೋ ಮಗನ ಹೆಸರಿಗೋ ಮಾಡಿಸುವವರು ಹಾಗೆಯೇ ಬರೆಸುತ್ತಿದ್ದರು. ಶ್ರೀಶೈಲ ಮುಂಗಡ ಎಣಿಸಿಕೊಂಡು ಸಹಿ ಹಾಕಿದ. ಬಾಬುಲಾಲನಿಗೆ ಮಾತ್ರ ಆ ದಿನ ದಲಾಲಿ ಕೈಗೆ ಬಂದರೂ ಖುಷಿಯಾಗಲಿಲ್ಲ. ಹೆಣ್ಣುಮಗಳೊಬ್ಬಳನ್ನು ಬೀದಿಗೆ ಹಾಕಿದಂತಾಯಿತು ಎಂಬ ಸಂಕಟ. ಹೋಗಿ ಸುದ್ದಿ ಹೇಳಿದ.

‘ಆತು ಬಿಡ್ರಿ,’ ಎಂದು ಅವಳು ಹಿಟ್ಟಿನ ಕೈಯಿಂದಲೇ ನಾಲ್ಕು ರೊಟ್ಟಿ ಸುತ್ತಿಕೊಟ್ಟಳು. ಅತ್ತಿರಲೂ ಇಲ್ಲ, ಗಂಟುಮೂಟೆ ಕಟ್ಟಿರಲೂ ಇಲ್ಲ.

ನೋಂದಣಿಯ ದಿನ ಸಬ್‌ರಿಜಿಸ್ಟ್ರಾರ್ ಕಚೇರಿಯ ಪಡಸಾಲೆಯಲ್ಲಿ ಅವಳನ್ನು ಕಂಡು ಬಾಬುಲಾಲನಿಗೆ ಹೆದರಿಕೆಯಾಯಿತು. ಜಗಳ ತೆಗೆಯಲು ಬಂದಳೇನೋ. ಶ್ರೀಶೈಲ ನಕ್ಕ. ‘ಕೀಲಿ ಕೊಡಾಕ ಬಂದಿರಬೇಕು, ಇರಲಿ ಬಿಡು.’ ಅವನಿಗೆ ಮಧ್ಯಾಹ್ನದ ಬಸ್ಸು ಹಿಡಿಯುವ ಅವಸರ. ಅಮಸಿದ್ದ ಬರೆಸಿ ತಂದಿದ್ದ ಖರೀದಿ ಪತ್ರದಲ್ಲಿ ಬೆರಳು ತೋರಿಸಿದ ಕಡೆಯೆಲ್ಲ ಸರಸರ ಸಹಿ ಹಾಕಿ, ಉಳಿದ ಹಣದ ಕಟ್ಟು ಜೇಬಿಗಿಳಿಸಿದ.

‘ಖರೀದಿ ಹಿಡಿಯೋರು ಯಾರ್ರಿ? ಮುಂದ ಬರ್ರಿ,’ ಎಂದ ಗುಮಾಸ್ತ.

ಅಮಸಿದ್ದ ಬೆಂಚು ಬಿಟ್ಟು ಏಳಲಿಲ್ಲ. ಎದ್ದವಳು ಸುನಂದಾ. ‘ನಾನರಿ,’ ಎಂದು ಗುಮಾಸ್ತನ ಕೈಯಿಂದ ಪೆನ್ನು ತೆಗೆದುಕೊಂಡಳು.